ಮೂರನೆಯ ಹಿಡಿ ಕಾಳು

ಓದುವ ಹಿರಿಯರಿಗೆ ಮೊದಲು ನನ್ನ ನಮಸ್ಕಾರ. ನಾನು ಹೆಚ್ಚು ಶಾಲೆ ಕಂಡವಳಲ್ಲ. ಬರೆಯುತ್ತಿರುವುದು ಇದೇ ಮೊದಲು. ಅಕ್ಷರ ಸೊಟ್ಟಗಿದ್ದರೆ, ಮಾತು ಮೊಂಡಾಗಿದ್ದರೆ ಮನ್ನಿಸಿ, ಕತೆಯನ್ನಷ್ಟೇ ನೋಡಬೇಕು.

ಕಲ್ಲಹಳ್ಳವೆಂಬ ರಾಜ್ಯದ ಬೀದಿಬೀದಿಯಲ್ಲಿ ಒಂದು ಮುಂಜಾನೆ ಡಂಗುರ ಸಾರಲಾಯಿತು: "ಕೇಳಿರಯ್ಯಾ ಕೇಳಿರಿ! ರಾಜಕುಮಾರಿ ಪದುಮಲೆಯವರು ಮೂರು ಒಗಟು ಒಡ್ಡುವರು. ಮೂರಕ್ಕೂ ಉತ್ತರ ಈ ನಾಡಿನ ಮನುಷ್ಯರೇ. ಬಿಡಿಸಿದವನಿಗೆ ರಾಜಕುಮಾರಿಯನ್ನು ಧಾರೆಯೆರೆದು ಪಟ್ಟ ಕಟ್ಟಲಾಗುವುದು. ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ!"

ರಾಜ ಬಿಜ್ಜರಸನಿಗೆ ಗಂಡುಮಕ್ಕಳಿರಲಿಲ್ಲ. ಮಗಳೇ ಆಳಬಹುದೆಂಬ ಮಾತು ಅವನಿಗೆ ಕನಸಿನಲ್ಲೂ ಹೊಳೆದಿರಲಿಲ್ಲ. ಆದ್ದರಿಂದ ಅಳಿಯನ ಹುಡುಕಾಟ. ಒಗಟುಗಳು ಮಾತ್ರ ಮಗಳವು, ಶಿಕ್ಷೆ ತಂದೆಯದು.

ಅಂದು ಅರಮನೆಯ ಅಡುಗೆಮನೆಯ ಅಂಗಳದಲ್ಲಿ ದುರುಗನೆಂಬ ತರುಣ ಬೀಸುಕಲ್ಲು ಕುಟ್ಟುತ್ತಿದ್ದ. ಬೀಸಿ ಬೀಸಿ ನುಣುಪಾದ ಕಲ್ಲನ್ನು ಉಳಿಯಿಂದ ಕುಟ್ಟಿ ತರಿತರಿ ಮಾಡುವುದು ಅವನ ಮನೆತನದ ಕಸುಬು. ಆ ನಾಡಿನ ಹೆಂಗಸರಲ್ಲಿ ಒಂದು ಪದ್ಧತಿಯಿತ್ತು: ಕುಟ್ಟಿಸಿದ ಕಲ್ಲಿಗೆ ಮೊದಲು ಮೂರು ಹಿಡಿ ಕಾಳು ಹಾಕಿ, ಒಂದೊಂದು ಹಿಡಿಗೂ ನಾಡಿನ ಒಬ್ಬ ದೊಡ್ಡ ಹೆಣ್ಣುಮಗಳನ್ನು ನೆನೆದು ಹಾಡಿ ಬೀಸಬೇಕು. ಹಿಟ್ಟು ನಯವಾಗಿ ಬೀಳುವವರೆಗೆ ಕಲ್ಲು ಕುಟ್ಟಿದವನು ಎದ್ದು ಹೋಗುವಂತಿಲ್ಲ. ಹೀಗಾಗಿ ಆ ಹಾಡುಗಳೆಲ್ಲ ದುರುಗನಿಗೆ ಬಾಯಿಪಾಠವಾಗಿದ್ದವು.

ಅಂಗಳದ ಗೋಡೆಯಾಚೆಗೇ ರಾಜಸಭೆ. ಪದುಮಲೆಯ ದನಿ ಕೇಳಿಸಿತು: "ಕಾಳಿಲ್ಲದೆ ಬೀಸಿದರು, ಹಿಟ್ಟಿಲ್ಲದೆ ನಾಡನ್ನು ಉಳಿಸಿದರು. ಯಾರು?"

ಮಾಂಡಲಿಕನ ಮಗ ಚಂಡವರ್ಮ ಮೀಸೆ ತೀಡಿ, "ಗಾಳಿಯ ವೇಗದಲ್ಲಿ ಕುದುರೆ ಓಡಿಸಿದ ತಮ್ಮ ಮುತ್ತಾತನವರು, ದೊರೆಯೇ!" ಎಂದ. ಭಟರು ಅವನನ್ನು ಸೆರೆಮನೆಗೆ ನಡೆಸಿದರು. ದಂಡನಾಯಕನ ಮಗ ಕೇತರಸ ಎದ್ದು, "ಶತ್ರುಗಳನ್ನು ಹೊಡೆದು ಹಿಟ್ಟು ಮಾಡಿದ ತಮ್ಮ ತಾತನವರು!" ಎಂದ. ಅವನನ್ನೂ ಅಲ್ಲಿಗೇ ನಡೆಸಿದರು.

ದುರುಗನಿಗೆ ನಗು ತಡೆಯಲಾಗಲಿಲ್ಲ. "ಹಿಟ್ಟಿಲ್ಲದೆ ಅಂತ ಅವರಂದರೆ, ಈತ ಹಿಟ್ಟೇ ಮಾಡಿಬಿಟ್ಟನಲ್ಲ!"

"ಬಾಯಿ ಮುಚ್ಚೋ ಯಪ್ಪಾ, ತಲೆ ಹೋದೀತು!" ಎಂದಳು ಅಡುಗೆಯ ಗೌರವ್ವ. ಅಷ್ಟರಲ್ಲಿ ಭಟರು ಬಂದೇಬಿಟ್ಟರು.

"ನಕ್ಕವನು ನೀನೋ?" ರಾಜ ಗುಡುಗಿದ. "ಹಾಗಾದರೆ ನೀನೇ ಹೇಳು. ತಪ್ಪಿದರೆ ಅವರ ಪಕ್ಕದಲ್ಲಿ ನಿನ್ನ ತಲೆಗೂ ಜಾಗವಿದೆ."

ದುರುಗನಿಗೆ ಅವ್ವನ ನೆನಪಾಯಿತು. ಮನೆಯಲ್ಲಿ ಅವ್ವ ಒಬ್ಬಳೇ. ಮಗ ಬಂದ ಮೇಲೆಯೇ ತುತ್ತು ಎತ್ತುವವಳು. ಅವನು ಕೈಮುಗಿದ.

"ತಮ್ಮ ಮುತ್ತಾತನವರ ರಾಣಿ ಸಂಕವ್ವನವರು, ದೊರೆಯೇ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದಾಗ ನಮ್ಮ ಕಣಜಗಳೆಲ್ಲ ಬರಿದಾಗಿದ್ದವು. ಸಂಕವ್ವನವರು ಮನೆಮನೆಯಲ್ಲೂ ಬರಿಗಲ್ಲು ಬೀಸಿಸಿದರು. ಆ ಸದ್ದಿಗೆ ಹೊರಗಿನ ದಂಡು, 'ಇವರ ಕಾಳು ತೀರುವಂಥದ್ದಲ್ಲ' ಎಂದು ಡೇರೆ ಕಿತ್ತಿತು. ಬರಿಗಲ್ಲು ಬೀಸಿದರೆ ಕಲ್ಲಿಗೆ ಕಲ್ಲು ಉಜ್ಜಿ ಕನ್ನಡಿಯಾಗುತ್ತದೆ. ಊರಿನ ಕಲ್ಲೆಲ್ಲ ಹಾಗಾದದ್ದರಿಂದಲೇ ನಮ್ಮ ಮುತ್ತಜ್ಜನನ್ನು ಇಲ್ಲಿಗೆ ಕರೆಸಿದ್ದು."

"ಮುತ್ತಾತನವರು ಗೆದ್ದರೆಂದು ಶಾಸನದಲ್ಲಿದೆಯಲ್ಲ!" ಎಂದ ರಾಜ.

"ಶಾಸನ ಬರೆಸಿದವರು ಮುತ್ತಾತನವರೇ ಅಲ್ಲವೇ, ಅಪ್ಪಾಜಿ?" ಎಂದು ಪದುಮಲೆ ನಕ್ಕಳು. "ಉತ್ತರ ಸರಿ. ಎರಡನೆಯದು ಕೇಳು: ರಾಜನನ್ನು ತಲೆಕೆಳಗು ಮಾಡಿ ಬೆನ್ನಿಗೆ ಬಡಿದರು, ದಂಡನೆಯ ಬದಲು ಬಹುಮಾನ ಪಡೆದರು. ಯಾರು?"

ಸಭೆ ತಲ್ಲಣಿಸಿತು. ರಾಜನಿಗೆ ಬಡಿಯುವುದೆಂದರೇನು! ದುರುಗ ಮಾತ್ರ ತುಸು ಹಗುರಾದ. "ಸೂಲಗಿತ್ತಿ ದ್ಯಾಮವ್ವನವರು. ಹುಟ್ಟಿದಾಗ ಕೂಸು ಅಳಲಿಲ್ಲವಂತೆ. ಬಡಿದು ಅಳಿಸಿ ಉಳಿಸಿಕೊಂಡರು. ಬಹುಮಾನಕ್ಕೆ ಚಿನ್ನ ಕೇಳಲಿಲ್ಲ. ಊರೂರಿಗೂ ಬಾಣಂತಿಯರಿಗೊಂದು ಬೆಚ್ಚನೆಯ ಮನೆ ಕಟ್ಟಿಸಿಕೊಂಡರು. ನಾನು ಹುಟ್ಟಿದ್ದೂ ಅಂಥದೊಂದು ಮನೆಯಲ್ಲೇ. ಆ ಕೂಸು..." ಎಂದು ಅಳುಕಿ ನಿಂತ.

"ಆ ಕೂಸು ನಾನೇ ಕಣಯ್ಯಾ!" ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಸಭೆಯೂ ಧೈರ್ಯ ತಂದುಕೊಂಡು ನಕ್ಕಿತು.

ಪದುಮಲೆ ನಗಲಿಲ್ಲ. "ಕೊನೆಯದು. ಹಾಡು ಸಿದ್ಧವಿದೆ, ಹೆಸರಿಲ್ಲ. ಪಟ್ಟ ಅವಳ ಮನೆಯದೇ, ಕೂರಲು ಅವಳಿಗೆ ಮಣೆಯಿಲ್ಲ. ಯಾರು?"

ದುರುಗನಿಗೆ ಬೀಸುವಾಗಿನ ಹಾಡು ನೆನಪಾಯಿತು. ಮೂರನೆಯ ಹಿಡಿಯನ್ನು ಹೆಂಗಸರು ಯಾರ ಹೆಸರನ್ನೂ ಹೇಳದೆ, "ಬರುವವಳಿಗೆ" ಎಂದಷ್ಟೇ ಹಾಡಿ ಬೀಸುತ್ತಿದ್ದರು. ಚಿಕ್ಕಂದಿನಲ್ಲಿ ಅವನು, "ಬರುವವಳು ಅಂದ್ರ ಯಾರವ್ವಾ?" ಎಂದು ಕೇಳಿದ್ದ. "ಬಂದಾಗ ತಿಳೀತದ, ಸುಮ್ಮನ ಕಲ್ಲು ಕುಟ್ಟು" ಎಂದಿದ್ದಳು ಅವ್ವ. ಈಗ ಅಮಾವಾಸ್ಯೆಯೊಳಗೆ ಅವಳು ಬರಬೇಕಲ್ಲ!

ದಿಕ್ಕು ತೋಚದೆ ಅವನು ತಲೆಯೆತ್ತಿ ನೋಡಿದ. ಮಂತ್ರಿಗೆ ಪೀಠವಿತ್ತು, ಪುರೋಹಿತರಿಗೆ ಮಣೆಯಿತ್ತು, ವಿದೂಷಕನಿಗೂ ದಿಂಬಿತ್ತು. ಸಿಂಹಾಸನದ ಪಕ್ಕದಲ್ಲಿ ಪದುಮಲೆಯೊಬ್ಬಳೇ ನಿಂತಿದ್ದಳು.

ಉತ್ತರ ಕಣ್ಣೆದುರಿಗೇ ಇತ್ತು. ಆದರೆ ಅದನ್ನು ಹೇಳಿದರೆ ಗೆದ್ದ ಪಟ್ಟ ತನ್ನದಾಗುವುದಿಲ್ಲ; ಹೇಳದಿದ್ದರೆ ತಲೆಯೇ ತನ್ನದಾಗಿ ಉಳಿಯುವುದಿಲ್ಲ. 'ಉಳಿ ಹಿಡಿದ ಕೈಗೆ ಕಿರೀಟ ಏತಕ್ಕೆ' ಎಂದುಕೊಂಡ.

"ತಾವೇ, ತಾಯೀ."

ಪದುಮಲೆಯ ಕಣ್ಣು ತುಂಬಿತು. "ಗೌರವ್ವನ ಜೊತೆ ಬೀಸುತ್ತಾ ಕಲಿತ ಹಾಡುಗಳು ಅಪ್ಪಾಜಿ, ಇವು. ಹೆಂಗಸರ ಮಾತಿಗೆ ಕಿವಿಗೊಟ್ಟವನು ಯಾವನಾದರೂ ಬಿಡಿಸಲೆಂದೇ ಒಗಟಾಗಿ ಒಡ್ಡಿದೆ."

"ಆದರೆ ಪಟ್ಟ ಗೆದ್ದವನಿಗೆಂದು ಡಂಗುರ ಸಾರಿದ್ದೇನಲ್ಲ!" ರಾಜ ತಲೆ ಕೆರೆದುಕೊಂಡ.

"ನನ್ನದಾದರೆ ನಾನು ಕೊಡಬಹುದಲ್ಲ ದೊರೆಯೇ? ರಾಜಕುಮಾರಿ ಅಮ್ಮಣ್ಣಿಯವರಿಗೆ ಕೊಟ್ಟೆ. ಸೆರೆಯಲ್ಲಿರುವ ಆ ಇಬ್ಬರನ್ನೂ ಬಿಟ್ಟುಬಿಡಿ," ಎಂದ ದುರುಗ.

"ಡಂಗುರದ ಇನ್ನೊಂದು ಮಾತು ಮರೆತೆಯೋ?" ಎಂದಳು ಪದುಮಲೆ, ಸೆರಗಿನ ಅಂಚು ತಿರುವುತ್ತಾ.

ದುರುಗ ಕಿವಿಯವರೆಗೂ ಕೆಂಪಾದ. "ಅದಕ್ಕೆ ತಾವು ಒಪ್ಪಬೇಕು. ಆಮೇಲೆ ನಮ್ಮವ್ವ ಒಪ್ಪಬೇಕು."

ಇಬ್ಬರೂ ಒಪ್ಪಿದರು. ರಾಜ ಮಗಳಿಗೇ ಪಟ್ಟ ಕಟ್ಟಿದ. ಚಂಡವರ್ಮ, ಕೇತರಸರ ತಲೆಗಳು ಉಳಿದವು. ಆದರೆ ಮದುವೆಯ ಹಿಟ್ಟನ್ನೆಲ್ಲ ಅವರೇ ಬೀಸಬೇಕೆಂದು ಹೊಸ ರಾಣಿಯ ಅಪ್ಪಣೆಯಾಯಿತು. ಮೊದಲ ಹಿಡಿಯನ್ನು ಸಂಕವ್ವನಿಗೆ, ಎರಡನೆಯದನ್ನು ದ್ಯಾಮವ್ವನಿಗೆ, ಮೂರನೆಯದನ್ನು ಪದುಮಲೆಗೆ ಎಂದು ಗೌರವ್ವ ಹಾಡಿಸಿದಳು. "ಮುಗಿಯಿತಲ್ಲ?" ಎಂದು ಚಂಡವರ್ಮ ಬೆವರೊರೆಸಿಕೊಂಡು ಏಳಹೋದ. ದುರುಗನ ಅವ್ವ ಮುಂದೆ ಬಂದು ಇನ್ನೊಂದು ಹಿಡಿ ಕಾಳು ಸುರಿದಳು.

"ಕೂಡೋ ಮಗನ. ಇದು ಬರುವವಳಿಗೆ."

ಕತೆ ಇಷ್ಟೇ. ತಪ್ಪುಗಳಿದ್ದರೆ ಓದಿದವರು ದಯವಿಟ್ಟು ಕ್ಷಮಿಸಬೇಕು.