ಊರು ಬದಲಾದರೂ ತಪ್ಪದ ದಾರಿ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ನೀಲಾಜಮ್ಮನವರ ಮೂರು ಒಗಟು ಬಿಡಿಸಿದವರಿಗೆ ಕೇಳಿದ ಇನಾಮು. ತಪ್ಪಿದವರ ತಲೆ ಹೋಗುತ್ತೆ!" ಎಂದು ಹಿರೇಗಲ್ಲು ಪಟ್ಟಣದಲ್ಲಿ ಡಂಗುರ ಸಾರಿದರು.

ಸುಮ್ಮನೆ ಸಾರಿದ್ದಲ್ಲ. ನಾಡಿನ ಕೆರೆಗಳ ಪುಸ್ತಕ ಅಚ್ಚಾಗುತ್ತಿದ್ದುದು ಅರಮನೆಯಲ್ಲಿ. ನೀರಿನ ಏರಿಳಿತದ ಗೆರೆಚಿತ್ರ ಬರೆಯುತ್ತಿದ್ದವರು ಮಾತ್ರ ಆಯಾ ಕೆರೆ ಕಾಯುವ ನೀರುಗಂಟಿಗಳು. ಪುಟದಲ್ಲಿ ಕಿಟಕಿಯಷ್ಟು ಜಾಗ ಬಿಟ್ಟು, ಚಿತ್ರ ಎಲ್ಲಿದೆಯೆಂದು ಅಚ್ಚು ಹಾಕುತ್ತಿದ್ದರು. ಓದುವ ಮುನ್ನ ಆಳುಗಳು ತಂದು ಕೂರಿಸಬೇಕು. ಹೋದ ಮಳೆಗಾಲ ರಾಜ ಪುಸ್ತಕ ಹೊತ್ತು ಬೇರೆ ಊರಲ್ಲಿ ಬಿಡಾರ ಹೂಡಿದಾಗ, ಅಚ್ಚಾದ ದಾರಿ ಹಿಡಿದ ಆಳುಗಳಿಗೆ ಚಿತ್ರ ಸಿಗದೆ ಕಿಟಕಿಗಳೆಲ್ಲ ಖಾಲಿ. ತುಂಬಿದ ಕೆರೆ ಯಾರ ಕಣ್ಣಿಗೂ ಬೀಳದೆ ಒಡೆದು, ಒಂದು ಊರೇ ಕೊಚ್ಚಿಹೋಯಿತು. ಇನ್ನೊಮ್ಮೆ ಹಾಗಾಗದಂತೆ ಉಪಾಯ ಬಲ್ಲವರನ್ನು ಹುಡುಕಲೆಂದೇ ಈ ಒಗಟು.

ಮೊದಲು ಬಂದವನು ಮಂತ್ರಿಯ ಮಗ. ನೀಲಾಜಮ್ಮ ಕೇಳಿದಳು:

"ಪುಸ್ತಕದ ಮನೆಯಲ್ಲಿ ಬಾಳುತ್ತೆ, ಹುಟ್ಟಿದ್ದು ಬೇರೆ ಕಡೆ. ಅದು ಬದಲಾದರೆ ಒಂದಕ್ಷರ ಮುಟ್ಟದೆ ಪುಟವೇ ಬದಲಾಗುತ್ತೆ. ಏನದು?"

"ಸೊಸೆ!" ಅಂದ. ಸಭೆ ನಕ್ಕಿತು. ಭಟರು ಸೆರೆಮನೆಗೆ ಎಳೆದೊಯ್ದಾಗ ನಗು ನಿಂತಿತು.

ಎರಡನೆಯವನು ಸಾಹುಕಾರನ ಮಗ. ಮೊದಲನೆಯದಕ್ಕೆ ಚಿತ್ರವೆಂದು ದಾಟಿಕೊಂಡ. "ಇರುವೆಯಷ್ಟು ಮಾಡು, ಆನೆಯಷ್ಟು ಮಾಡು, ಅಂಚು ಒಡೆಯೋದಿಲ್ಲ. ಏನದು?" ಎಂದು ಕೇಳಿದ್ದಕ್ಕೆ "ನೆರಳು" ಅಂದ. ಅವನಿಗೂ ಬೇಡಿ. ಮೂರನೆಯವನು ಅಚ್ಚುಮೊಳೆ ಜೋಡಿಸುವ ದ್ಯಾಮಣ್ಣ. ಅವನು ಎರಡು ಬಿಡಿಸಿ ಮೂರನೆಯದರಲ್ಲಿ ಬಿದ್ದ.

ದ್ಯಾಮಣ್ಣನ ತಮ್ಮ ಓಬಳ ತೊಗಲುಗೊಂಬೆ ಆಡಿಸುತ್ತ ಊರೂರು ಅಲೆಯುವವನು. ಅಣ್ಣನ ಸುದ್ದಿ ಕೇಳಿ ಓಡಿಬಂದ.

"ಏನಯ್ಯಾ, ಒಂದೇ ಮನೆಯಿಂದ ಎರಡು ತಲೆಯೇ?" ಅಂದಳು ನೀಲಾಜಮ್ಮ.

"ಅಣ್ಣನ ತಲೆ ಉಳಿಯದಿದ್ದರೆ ನಂದು ಯಾಕೆ ಬೇಕು ತಾಯಿ? ಕೇಳಿ."

ಮೊದಲನೆಯದಕ್ಕೆ, "ಹೊರಗೆ ಬರೆದು ತಂದ ನೀರಿನ ಗೆರೆ" ಅಂದ. ಎರಡನೆಯದಕ್ಕೆ, "ನೆರಳಲ್ಲ ತಾಯಿ. ದೀಪಕ್ಕೆ ಗೊಂಬೆ ಹತ್ರ ಹಿಡಿದರೆ ನೆರಳು ದೊಡ್ಡದಾಗುತ್ತೆ, ಅಂಚು ಮಂಕಾಗುತ್ತೆ. ಚುಕ್ಕಿ ಒತ್ತಿ ಮಾಡಿದ ಚಿತ್ರವೂ ಹಿಗ್ಗಿಸಿದರೆ ಚೆಲ್ಲಾಪಿಲ್ಲಿ. ಇಲ್ಲಿಂದ ಅಲ್ಲಿಗೆ ಎಳೆ ಅಂತ ಅಳತೆ ಹೇಳಿ ಎಳೆಸಿದ ಗೆರೆ, ಅದು ಎಷ್ಟಾದರೂ ಗೆರೆಯೇ."

"ಊರು ಬದಲಾದರೂ ತಪ್ಪದ ದಾರಿ ಯಾವುದು?"

"ಅಣ್ಣ ಏನಂದ?"

"ಅರಮನೆ ಹೆಬ್ಬಾಗಿಲಿಂದ ಎಣಿಸಿದ ದಾರಿ ಅಂದ."

"ಅಯ್ಯೋ ಅಣ್ಣಾ! ಹೆಬ್ಬಾಗಿಲು ಗಾಡಿ ಹತ್ತುತ್ತದೆಯೇ? ನಾವು ಗೊಂಬೆ ಎಲ್ಲಿದೆ ಅಂದ್ರೆ ಊರ ಹೆಸರು ಹೇಳೋದಿಲ್ಲ ತಾಯಿ. 'ಪರದೆಯ ಎಡಕ್ಕೆ ಪೆಟ್ಟಿಗೆ, ಮೇಲಿನ ಅರೆ' ಅಂತೀವಿ. ಪರದೆ, ಪೆಟ್ಟಿಗೆ ಒಂದೇ ಗಾಡೀಲಿ ಹೋಗ್ತವೆ. ಪುಸ್ತಕವೂ ತನ್ನಿಂದಲೇ ದಾರಿ ಹೇಳಲಿ: 'ನನ್ನ ಪಕ್ಕದ ಪೆಟ್ಟಿಗೆ, ಇಂಥ ಕೆರೆಯ ಅರೆ.' ಯಾವೂರಲ್ಲಿ ಬಿಚ್ಚಿದರೂ ಸಿಗುತ್ತೆ."

ನೀಲಾಜಮ್ಮ ಸರಿಯೆಂದು ತಲೆದೂಗಿದಳು. ರಾಜ ಮಾತ್ರ, "ಮಾತು ಚೆನ್ನ. ನಡೆದು ತೋರಿಸಲಿ" ಅಂದ.

ಹಾಗೆಯೇ ಅಚ್ಚು ತಿದ್ದಿಸಿ, ಪುಸ್ತಕ, ಪೆಟ್ಟಿಗೆ ಎರಡನ್ನೂ ಗಾಡಿಗೆ ಹಾಕಿ ಹೊಳೆಯಾಚೆಗೆ ಹೊರಟರು. ದಾರಿಯಲ್ಲಿ ಕೋಡಿಕೆರೆ ನೀರುಗಂಟಿಯ ಹೊಸ ಗೆರೆ ಬಂತು. ಹಳೆಯದನ್ನು ತೆಗೆದು ಅದೇ ಅರೆಯಲ್ಲಿಟ್ಟರು. ಬಿಡಾರದಲ್ಲಿ ಅರಮನೆಯನ್ನೇ ಕಾಣದ ಆಳೊಬ್ಬ ಪುಸ್ತಕ ಹೇಳಿದಂತೆ ಕೈಯಿಟ್ಟ. ಕಿಟಕಿಗಳೆಲ್ಲ ತುಂಬಿದವು. ಕೋಡಿಕೆರೆಯ ಗೆರೆ ಏರಿಯ ಅಂಚು ಮುಟ್ಟಿತ್ತು! ಕುದುರೆ ಓಡಿತು, ತೂಬು ತೆರೆಯಿತು, ಊರು ಉಳಿಯಿತು.

ರಾಜ ಎದ್ದು ನಿಂತ. "ಕೇಳಪ್ಪಾ ಓಬಳ, ಏನು ಬೇಕು?"

"ಮೂರು ತಲೆ ಬೇಕು ಬುದ್ಧಿ."

ಸಭೆ ಬೆಚ್ಚಿತು.

"ಸೆರೆಮನೆಯಲ್ಲಿರೋವು. ಮೈಗೆ ಅಂಟಿಕೊಂಡಿರೋ ಹಾಗೇ ಕೊಡಿ."