ದೇವರ ಗೂಡಿನ ಇದ್ದಲು

“ಗುರುಗಳೇ, ಹಿರಿಯ ಸ್ವಾಮಿಗಳ ಕಾಲದ ಮಠ ಎಲ್ಲಿ ಹೋಯಿತು? ಆಗ ಅಂಬಲಿಯೂ ಅಮೃತದಂತಿತ್ತು. ಈಗ ಊಟಕ್ಕೆ ಕೂತರೂ ಜಗಳ, ಪಾಠಕ್ಕೆ ಕೂತರೂ ಜಗಳ. ನಾನು ಮಠ ಬಿಟ್ಟು ಹೋಗಲೇ?” ಎಂದು ಶಿಷ್ಯ ಚೆನ್ನಮಲ್ಲಯ್ಯ ಕೇಳಿದ. ಅವನು ಎಳೆಯ ಮಗುವಾಗಿದ್ದಾಗಲೇ ಮಠ ಸೇರಿದವನು. ಆ ದಿನಗಳನ್ನು ಈಗಲೂ ದಿನಕ್ಕೊಮ್ಮೆ ನೆನೆಯುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಕಮ್ಮಾರನಿದ್ದ. ತಂದೆ ತೀರಿಕೊಂಡ ಮೇಲೆ ಕುಲುಮೆ ಅವನ ಕೈಗೆ ಬಂತು. ಊರ ಪಕ್ಕದ ಗುಡ್ಡದೊಳಗೆ ಕಲ್ಲಿದ್ದಲಿನ ಪದರವಿತ್ತು. ಒಬ್ಬ ಮುದುಕ ಅದನ್ನು ಅಗೆದು ತಂದೆಗೆ ಕೊಡುತ್ತಿದ್ದ, ಮಗನಿಗೂ ಅವನೇ ತಂದುಕೊಡುತ್ತಿದ್ದ. ಆಯುಧಪೂಜೆಯ ದಿನ ಬುಟ್ಟಿಗಳನ್ನೆಲ್ಲ ತಡಕಾಡಿ, ಎಲ್ಲಕ್ಕಿಂತ ಹೊಳೆಯುವ ಒಂದು ತುಂಡನ್ನು ದೇವರ ಗೂಡಿನಲ್ಲಿ ಸುತ್ತಿಗೆಯ ಪಕ್ಕ ಇಡುವುದು ಆ ಮನೆಯ ಪದ್ಧತಿ. ತಂದೆ ಇಟ್ಟ ಕೊನೆಯ ತುಂಡನ್ನು ತೆಗೆಯಲು ಮಗನಿಗೆ ಮನಸ್ಸು ಬರಲಿಲ್ಲ. ಅದನ್ನು ಕೈಗೆತ್ತಿಕೊಂಡರೆ ಅಪ್ಪ ಕುಲುಮೆಗೆ ಗಾಳಿ ಊದುತ್ತಿದ್ದ ತಿದಿಯ ಸದ್ದು ಕೇಳಿದಂತಾಗುತ್ತಿತ್ತು. ಹೊಸ ಬುಟ್ಟಿ ಬಂದಾಗಲೆಲ್ಲ ಅದನ್ನೇ ಬುಟ್ಟಿಯ ಪಕ್ಕ ಹಿಡಿದು ಹೋಲಿಸುತ್ತಿದ್ದ. ದೇವರಿಗೆ ಆರಿಸಿಟ್ಟದ್ದರ ಮುಂದೆ ಯಾವ ಬುಟ್ಟಿ ತಾನೇ ನಿಂತೀತು?

ಒಂದು ಸಲ ಬಿತ್ತನೆಗೆ ಮುಂಚೆ ಬಂದ ಬುಟ್ಟಿಗಳನ್ನೆಲ್ಲ ಹಿಂದಕ್ಕೆ ಕಳಿಸಿಬಿಟ್ಟ. ಕುಲುಮೆ ಆರಿತು. ಊರವರ ನೇಗಿಲ ಕುಳಗಳು ಬಾಗಿಲಲ್ಲಿ ರಾಶಿ ಬಿದ್ದವು. ಇನ್ನೂ ತಡವಾದರೆ ಅವರು ಪಕ್ಕದೂರಿನ ಕುಲುಮೆಗೆ ಹೋಗುವವರೇ.

“ಅಪ್ಪನಿಗೆ ಬಂಗಾರದಂಥ ಇದ್ದಲು ಕೊಟ್ಟೆ, ನನಗೆ ಕಲ್ಲು ಕೊಡ್ತೀಯಾ? ಅನ್ನ ಬೆಂದಿದೆಯಾ ಅಂತ ನೋಡೋಕೆ ಒಂದು ಅಗುಳು ಸಾಕು!” ಎಂದು ಅವನು ಮುದುಕನ ಮೇಲೆ ಹರಿಹಾಯ್ದ.

“ಅನ್ನ ಒಂದೇ ಗಡಿಗೇಲಿ ಬೇಯುತ್ತಪ್ಪ. ಗುಡ್ಡದ ಪದರ ಹಾಗಲ್ಲ. ಮೇಲೊಂದು ಗುಣ, ತಳದಲ್ಲೊಂದು ಗುಣ, ನಾಲ್ಕು ಮಾರು ಆಚೆ ಹೋದರೆ ಮತ್ತೊಂದು. ಬುಟ್ಟಿಗೆ ಒಂದೊಂದು ಹಿಡಿ ತೆಗೆದು, ಕಲಸಿ, ಸುಟ್ಟು, ಉಳಿದದ್ದನ್ನ ನೋಡು. ನಿಮ್ಮಪ್ಪ ಹಾಗೇ ನೋಡ್ತಿದ್ದ.”

ಕಮ್ಮಾರ ನಂಬಲಿಲ್ಲ. ಒಳಗಿಂದ ತಾಯಿ ಬಂದಳು. ಮಗನ ಕೈಗೆ ಸಲಿಕೆ ಕೊಟ್ಟು ಕುಲುಮೆಯ ಹಿಂದಿದ್ದ ಬೂದಿಗುಡ್ಡೆಯನ್ನು ತೋರಿಸಿದಳು. ಮೇಲಿನದು ಮಗನ ಕಾಲದ ಬೂದಿ, ಕೆಳಗಿನದು ಅಪ್ಪನ ಕಾಲದ್ದು. ಅವನು ಗುಡ್ಡೆಯನ್ನು ತುದಿಯಿಂದ ಬುಡದವರೆಗೆ ಸೀಳಿ, ಪದರ ಪದರದಿಂದಲೂ ಹಿಡಿ ಹಿಡಿ ತೆಗೆದು ಜರಡಿ ಹಿಡಿದ. ಒಂದು ಹಿಡಿಯಲ್ಲಿ ನುಣ್ಣನೆಯ ಬೂದಿ, ಇನ್ನೊಂದರಲ್ಲಿ ಬರೀ ಕಲ್ಲು. ಅಪ್ಪನ ಕಾಲದ್ದನ್ನೆಲ್ಲ ಒಂದು ಕಡೆ, ತನ್ನದನ್ನೆಲ್ಲ ಒಂದು ಕಡೆ ಸುರಿದು ನೋಡಿದ. ಎರಡರಲ್ಲೂ ಕಲ್ಲು ಹೆಚ್ಚುಕಡಿಮೆ ಅಷ್ಟೇ ಇತ್ತು.

“ಅಪ್ಪ ಗೂಡಿಗೆ ಇಟ್ಟಿದ್ದನ್ನ ನೀನು ನೋಡಿದೆ. ಉರಿಸಿ ಉಳಿದದ್ದನ್ನ ನಾನು ಹೊತ್ತು ಹಾಕಿದೆ” ಎಂದಳು ತಾಯಿ.

ಅಪ್ಪನೂ ಇದೇ ಕಲ್ಲಿನ ಜೊತೆ ಗುದ್ದಾಡಿಯೇ ತನ್ನನ್ನು ಸಾಕಿದ್ದ ಎಂದು ಗೊತ್ತಾಗಿ ಕಮ್ಮಾರನಿಗೆ ಅಳು ಬಂತು. ಮುದುಕನನ್ನು ಕರೆಸಿ ಬುಟ್ಟಿಗಳನ್ನು ತಾನೇ ಇಳಿಸಿಕೊಂಡ. ಗೂಡಿನ ತುಂಡನ್ನು ಕಣ್ಣಿಗೊತ್ತಿಕೊಂಡು ಮೊದಲ ಉರಿಗೆ ಹಾಕಿದ. ಅದೂ ಒಂದು ಚಿಟಿಕೆ ಬೂದಿ ಬಿಟ್ಟಿತು.

ಕತೆ ಕೇಳಿ ಚೆನ್ನಮಲ್ಲಯ್ಯ ತಲೆದೂಗಿದ. ಆದರೂ ಮನಸ್ಸು ಒಪ್ಪಲಿಲ್ಲ. “ಕಮ್ಮಾರನ ಮಾತು ಬೇರೆ, ಗುರುಗಳೇ. ನಮ್ಮ ಮಠದಲ್ಲಿ ಆಗ ನಿಜವಾಗಿಯೂ ಜಗಳವಿರಲಿಲ್ಲ. ನಾನೇ ಇಲ್ಲಿದ್ದೆನಲ್ಲ!” ಎಂದ.

ಗುರುಗಳು ನಕ್ಕು ಅವನ ತಲೆ ಸವರಿದರು. “ನಿನ್ನನ್ನು ಮಲಗಿಸಿದ ಮೇಲೆ ಜಗಳವಾಡುತ್ತಿದ್ದೆವು, ಮಗೂ.”