ಲ್ಯಾಪ್‌ಟಾಪಿಗೆ ನೀರೆರೆದ ಮೌಳಿ

ಬಚ್ಚಲುಮನೆಯಲ್ಲಿ ಒಂದು ಬಕೆಟ್ಟು. ಬಕೆಟ್ಟಿನ ತುಂಬ ನೀರು. ನೀರಿನೊಳಗೆ ಹೊಚ್ಚ ಹೊಸ ಲ್ಯಾಪ್‌ಟಾಪು, ಅದೂ ತಲೆಕೆಳಗಾಗಿ. ಪಕ್ಕದಲ್ಲಿ ಮಣೆ ಹಾಕಿಕೊಂಡು, ಕೆನ್ನೆಗೆ ಕೈ ಕೊಟ್ಟು, ಹಾಲು ಉಕ್ಕುವುದನ್ನು ಕಾಯುವವನ ಹಾಗೆ ಕೂತಿದ್ದಾನೆ ಒಬ್ಬ ಮಹಾರಾಯ. ಏನಾಗಿತ್ತು, ಹೇಳಿ ನೋಡೋಣ? ತಲೆ ಕೆಟ್ಟಿತ್ತೆ? ಇಲ್ಲ. ಸಿಟ್ಟು ಬಂದಿತ್ತೆ? ಅವನಿಗೆ ಸಿಟ್ಟು ಬಂದದ್ದನ್ನು ಅರಸೀಕೆರೆಯಲ್ಲಿ ಯಾರೂ ಕಂಡಿಲ್ಲ. ಕೊಳೆಯಾಗಿತ್ತು, ತೊಳೆಯುತ್ತಿದ್ದ ಅಂತೀರಾ? ಅದೂ ಅಲ್ಲ. ಅಮ್ಮ ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ, ಅಷ್ಟೆ!

ಈ ಮಹಾರಾಯನ ಹೆಸರು ಚಂದ್ರಮೌಳಿ, ಮನೆಯಲ್ಲಿ ಮೌಳಿ. ಅಮ್ಮ ಸುಗುಣಾಂಬ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು. ಸುಮ್ಮನೆ ಕೂರಲಾರದೆ ‘ಕೊಳ್ಳೋ ಮುಂಚೆ’ ಅಂತ ಒಂದು ವೆಬ್‌ಸೈಟ್ ಶುರು ಮಾಡಿದ್ದರು. ಯಾವ ಲ್ಯಾಪ್‌ಟಾಪು ಚೆನ್ನ, ಯಾವ ಮೊಬೈಲು ದಂಡ ಅಂತ ಬಳಸಿ ನೋಡಿ ಬರೆಯುವುದು. ಜಾಹೀರಾತಿಲ್ಲ, ಉಡುಗೊರೆಯಿಲ್ಲ, ಯಾರ ಹಂಗೂ ಇಲ್ಲ. ಕಂಪನಿಯವರು ನೋಡಲು ಕಳಿಸಿದ್ದನ್ನು ನೋಡುವುದು, ವಾಪಸ್ ಕಳಿಸುವುದು, ಆಮೇಲೆ ಬೈಯುವುದು. ಹನ್ನೊಂದು ವರ್ಷದಲ್ಲಿ ಒಂದು ಕಂಪನಿಯೂ ಅವರನ್ನು ಹೊಗಳಿರಲಿಲ್ಲ. ಅದೇ ಅವರ ಹೆಮ್ಮೆ! “ಸುಗುಣಾ ಮೇಡಂ ಏನಂದ್ರು?” ಅಂತ ನೋಡದೆ ಆ ಕಡೆ ಜನ ಒಂದು ಚಾರ್ಜರ್ ಸಹ ಕೊಳ್ಳುತ್ತಿರಲಿಲ್ಲ.

ಅಂಥವರಿಗೆ ಕಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಡಾಕ್ಟರು ಕಪ್ಪು ಕನ್ನಡಕ ಏರಿಸಿ, “ದೀಪಾವಳಿ ತನಕ ಮೊಬೈಲು, ಕಂಪ್ಯೂಟರು ಮುಟ್ಟಬೇಡಿ” ಅಂದುಬಿಟ್ಟರು.

ದೀಪಾವಳಿ ತನಕ! ಜನ ಮುಗಿಬಿದ್ದು ಕೊಳ್ಳುವುದೇ ದಸರೆಯಿಂದ ದೀಪಾವಳಿಯೊಳಗೆ. ಆಗ ವೆಬ್‌ಸೈಟು ಬಾಯಿ ಮುಚ್ಚಿ ಕೂತರೆ, ಇಲ್ಲವೇ ಸುಳ್ಳು ಹೇಳಿದರೆ, ಹನ್ನೊಂದು ವರ್ಷದ ನಂಬಿಕೆ ಮಣ್ಣುಪಾಲು. ಮನೆಯಲ್ಲಿ ಇದ್ದವನು ಒಬ್ಬನೇ ಮಗ.

“ಅಯ್ಯೋ ದೇವರೇ, ಇವನ ಕೈಗಾ!” ಅಂದುಕೊಂಡರು ಸುಗುಣಾಂಬ. ಬೇರೆ ದಾರಿ ಇಲ್ಲದೆ ಕೂರಿಸಿಕೊಂಡು ಹೇಳಿದರು: “ನೋಡೋ ಮೌಳಿ, ಮೊಬೈಲ್ ಬಂದ ತಕ್ಷಣ ಪೆಟ್ಟಿಗೆ ಮೇಲೆ ಏನಿದೆಯೋ ಗಮನ ಇಟ್ಟು ಬರಕೋ. ಒಂದೂ ಬಿಡಬೇಡ.”

“ಆಗ್ಲಮ್ಮ, ಹಾಗೇ ಮಾಡ್ತೀನಿ.”

ಮಾಡಿದ. ಸಂಜೆ ಪಕ್ಕದ ಮನೆ ಲೀಲಕ್ಕ ತನ್ನ ಮೊಬೈಲಿನಲ್ಲಿ ‘ಕೊಳ್ಳೋ ಮುಂಚೆ’ ತೆಗೆದು, ಕಪ್ಪು ಕನ್ನಡಕದ ಗೆಳತಿಗೆ ಓದಿ ಹೇಳಲು ಕೂತಳು.

“‘ಇಂಥ ಮೊಬೈಲ್ ಭೂಮಿಯ ಮೇಲೆ ಇನ್ನೊಂದಿಲ್ಲ. ನಿಮ್ಮ ಬದುಕೇ ಬದಲಾಗಲಿದೆ. ಮಕ್ಕಳ ಕೈಗೆ ಸಿಗದಂತೆ ಇಡಿ. ದೂರುಗಳಿದ್ದರೆ ಈ ಕೆಳಗಿನ ನಂಬರಿಗೆ...’ ಸುಗುಣಾ, ಇದ್ಯಾಕೆ ಹೀಗೆ ಬರೆದಿದ್ಯೇ?”

ಅಷ್ಟರಲ್ಲಿ ಕಂಪನಿಯಿಂದ ಫೋನು! “ಮೇಡಂ, ಎಂಥ ಪ್ರಾಮಾಣಿಕ ವಿಮರ್ಶೆ! ಎಂಥ ಸ್ವತಂತ್ರ ಬುದ್ಧಿ!”

ಸುಗುಣಾಂಬ ತಲೆ ಮೇಲೆ ಕೈ ಹೊತ್ತರು. ಕಂಪನಿಯವರ ಬಾಯಲ್ಲಿ ಹೊಗಳಿಸಿಕೊಳ್ಳುವ ಗತಿ ಬಂತಲ್ಲ!

“ನನ್ನ ಹೊಟ್ಟೆ ಉರಿಸಕ್ಕೇ ಹುಟ್ಟಿದ್ಯೇನೋ! ಪೆಟ್ಟಿಗೆ ಮೇಲಿರೋದು ಕಂಪನಿಯವರ ಬೊಗಳೆ ಕಣೋ! ಅಲ್ಲಿರೋದು ಒಂದನ್ನೂ ನಂಬಬೇಡ! ನಿಜವೋ ಸುಳ್ಳೋ ನೀನೇ ಮಾಡಿ ನೋಡು!”

“ಆಗ್ಲಮ್ಮ, ಹಾಗೇ ಮಾಡ್ತೀನಿ.”

ಮಾರನೆಯ ವಾರ ಲ್ಯಾಪ್‌ಟಾಪ್ ಬಂತು. ಪೆಟ್ಟಿಗೆ ಮೇಲೆ ಬರೆದಿತ್ತು: ‘ಈ ಬದಿ ಮೇಲಿರಲಿ.’ ಮೌಳಿ ನಂಬಲಿಲ್ಲ, ತಲೆಕೆಳಗು ಮಾಡಿದ. ಬರೆದಿತ್ತು: ‘ನೀರು ತಾಗಿಸಬೇಡಿ.’ ಅಮ್ಮನ ಮಗ, ನಂಬುತ್ತಾನೆಯೇ? ಬಕೆಟ್ಟು ತುಂಬಿಸಿದ. ಮುಂದಿನದನ್ನು ನೀವು ಆಗಲೇ ನೋಡಿದ್ದೀರಿ.

“ಏನೋ ಇದು!” ಬಚ್ಚಲ ಬಾಗಿಲಲ್ಲಿ ಕಪ್ಪು ಕನ್ನಡಕ ನಡುಗಿತು.

“ಅಮ್ಮ, ಪೆಟ್ಟಿಗೆಯವರು ಈ ಒಂದು ವಿಷಯದಲ್ಲಿ ಸುಳ್ಳು ಹೇಳಿಲ್ಲ. ನೀರು ತಾಗಿಸಬಾರದು. ಬರೆದೂ ಹಾಕಿದೀನಿ.”

ಓದುಗರಿಗೋ ಆನಂದವೋ ಆನಂದ! ‘ಕೊನೆಗೂ ಒಬ್ಬ ಗಂಡೆದೆಯ ವಿಮರ್ಶಕ!’ ಅಂತ ಒಬ್ಬ. ‘ಮುಂದಿನ ಸಲ ಬೆಂಕಿಗೂ ಹಾಕಿ ಸಾರ್!’ ಅಂತ ಇನ್ನೊಬ್ಬ. ಕಂಪನಿಯವರ ಆನಂದ ಬೇರೆ ಥರದ್ದು. ಅದನ್ನು ಬರೆಯುವ ಹಾಗಿಲ್ಲ.

“ಅದೇನು ನಮ್ಮಪ್ಪನ ಮನೆ ಲ್ಯಾಪ್‌ಟಾಪೇನೋ! ನಂಬಿ ಕಳಿಸಿದ ವಸ್ತು ಕಣೋ! ಹೇಗೆ ಬಂತೋ ಹಾಗೇ ವಾಪಸ್ ಹೋಗಬೇಕು! ಒಂದು ಗೀರು ಬೀಳಬಾರದು, ಒಂದು ಬೆರಳಿನ ಗುರುತು ಕಾಣಬಾರದು!”

“ಆಗ್ಲಮ್ಮ, ಹಾಗೇ ಮಾಡ್ತೀನಿ.”

ಇನ್ನೊಂದು ಮೊಬೈಲ್ ಬಂತು. ಕೊರಿಯರ್‌ನವನು ಇನ್ನೂ ಗೇಟು ದಾಟಿರಲಿಲ್ಲ. ಮೌಳಿ ಓಡಿಹೋಗಿ ಅವನ ಕೈಗೇ ವಾಪಸ್ ಇಟ್ಟ. ಸಂಜೆ ಲೀಲಕ್ಕ ಓದಿದಳು:

“‘ಚೆನ್ನಾಗಿ ಬಂತು. ಚೆನ್ನಾಗಿ ಹೋಯ್ತು. ಗೀರಿಲ್ಲ. ಅಂಟುಪಟ್ಟಿ ಗಟ್ಟಿಯಾಗಿದೆ. ಐದಕ್ಕೆ ಐದು.’ ಅಷ್ಟೇ ಕಣೇ. ಪರವಾಗಿಲ್ಲ, ಬೇಗ ಓದಿ ಮುಗೀತು.”

“ಬಿಚ್ಚದೇ ಐದಕ್ಕೆ ಐದಾ!” ಸುಗುಣಾಂಬ ಕೂಗಿದರು. “ನನ್ನ ಹೊಟ್ಟೆ ಉರಿಸಕ್ಕೇ ಹುಟ್ಟಿದ್ಯೇನೋ! ಒಂದು ವಸ್ತು ಕೈಗೆ ಬಂದ್ರೆ ವಾರ ಪೂರ್ತಿ ಜೊತೇಲಿ ಇಟ್ಟುಕೊಂಡು ಓಡಾಡಬೇಕು! ಎರಡು ಸಲ ಕೆಳಗೆ ಬಿದ್ದರೆ ಏನಾಗುತ್ತೆ ನೋಡಬೇಕು! ಅಂಥದ್ದೇ ಇನ್ನೊಂದನ್ನ ಪಕ್ಕಕ್ಕಿಟ್ಟು ಹೋಲಿಸಬೇಕು! ಕೆಟ್ಟದಾಗಿದ್ರೆ ಕೆಟ್ಟದು ಅಂತ ಮುಖಕ್ಕೆ ಹೊಡೆದ ಹಾಗೆ ಬರೀಬೇಕು! ಯಾರ ಮುಲಾಜೂ ಬೇಡ!”

“ಆಗ್ಲಮ್ಮ, ಹಾಗೇ ಮಾಡ್ತೀನಿ.”

ಅಷ್ಟರಲ್ಲಿ ನವರಾತ್ರಿ. ಲೀಲಕ್ಕನ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಮೌಳಿ ಹೋದ. ಗೊಂಬೆ ನೋಡಿದ. ಲೀಲಕ್ಕ ಅವನ ಕೈಗೆ ಒಂದು ವಸ್ತು ಕೊಟ್ಟಳು. ಮೌಳಿ ಅದನ್ನು ಭದ್ರವಾಗಿ ಜೇಬಿಗಿಳಿಸಿ, ವಾರ ಪೂರ್ತಿ ಜೊತೆಯಲ್ಲಿಟ್ಟುಕೊಂಡು ಓಡಾಡಿದ. ಎಂಟನೆಯ ದಿನ ಲೀಲಕ್ಕ ಎಂದಿನಂತೆ ಬಂದು, ಕಾಲು ಚಾಚಿ ಕೂತು, ಗಂಟಲು ಸರಿಮಾಡಿಕೊಂಡಳು.

“ಈ ಸಲ ಹುಡುಗ ಅಚ್ಚುಕಟ್ಟಾಗಿ ಬರೆದಿದಾನೆ ಕಣೇ, ಕೇಳು. ‘ದುಂಡಗಿದೆ, ಕೈಗೆ ಹಿಡಿತ ಚೆನ್ನಾಗಿದೆ. ಮಂಚದ ಮೇಲಿಂದ ಎರಡು ಸಲ ಬಿತ್ತು, ಬಿರುಕು ಬಿಡಲಿಲ್ಲ. ಮೈಕಟ್ಟು ಬಹಳ ಗಟ್ಟಿ.’ ಭೇಷ್! ‘ಮೂರನೆಯ ದಿನದಿಂದ ಎಣ್ಣೆ ಬಿಟ್ಟು ಜೇಬು ಹಾಳಾಯಿತು.’ ಎಣ್ಣೆ ಬಿಡೋ ಮೊಬೈಲೂ ಬಂದಿದ್ಯೇನೆ? ‘ಬಸ್ ಸ್ಟ್ಯಾಂಡ್ ಬೇಕರಿಯದನ್ನು ಪಕ್ಕಕ್ಕಿಟ್ಟು ಹೋಲಿಸಿದೆ. ಬೇಕರಿಯದು ಹಲ್ಲಿಗೆ ಬಗ್ಗುತ್ತದೆ. ಇದು ಬಗ್ಗುವುದಿಲ್ಲ. ಹಲ್ಲಿದ್ದವರು ದೂರವಿರಿ. ತಯಾರಕರು...’”

ಲೀಲಕ್ಕ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು.

“ತಯಾರಕರು ಯಾರಂತೆ?” ಸುಗುಣಾಂಬ ಕೇಳಿದರು.

“‘ತಯಾರಕರು: ಪಕ್ಕದ ಮನೆ ಲೀಲಕ್ಕ.’ ಸುಗುಣಾ! ನನ್ನ ಚಕ್ಕುಲಿ! ನಿಮ್ಮ ಮನೆ ಹಾಳಾಗ, ನನ್ನ ಚಕ್ಕುಲೀನ ಊರಿಗೆಲ್ಲ ಹರಾಜು ಹಾಕಿದಾನಲ್ಲೇ!”

“ಯಾರ ಮುಲಾಜೂ ಬೇಡ ಅಂದಿದ್ದು ಅಮ್ಮ,” ಅಂದ ಮೌಳಿ, ವಿನಯವಾಗಿ.

ಲೀಲಕ್ಕ ಸೆರಗು ಝಾಡಿಸಿಕೊಂಡು ಎದ್ದು ಹೋದಳು. ಅಂದಿನಿಂದ ಓದಿ ಹೇಳುವವರೂ ಇಲ್ಲ. ಸುಗುಣಾಂಬರಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಹನ್ನೊಂದು ವರ್ಷ ಒಂದೊಂದು ಕೀಲಿ ಒತ್ತಿ ನೋಡಿ, ಒಂದೊಂದು ಬ್ಯಾಟರಿ ಕಾದು ಕೂತು ಗಳಿಸಿದ ಹೆಸರು! ಈಗ ಹೊಸ ಲ್ಯಾಪ್‌ಟಾಪ್ ಬೇಕು ಅಂತ ಬಂದವರು ಚಕ್ಕುಲಿ ಓದಿಕೊಂಡು ಹೋಗುತ್ತಿದ್ದಾರೆ.

“ಕೇಳಿಲ್ಲಿ!” ಕೋಲು ನೆಲಕ್ಕೆ ಕುಟ್ಟಿದರು. “ದೀಪಾವಳಿ ಬೆಳಿಗ್ಗೆ ಕನ್ನಡಕ ತೆಗೆದು ನಾನೇ ನೋಡ್ತೀನಿ! ಅಷ್ಟರೊಳಗೆ ಎಲ್ಲಾ ಶುದ್ಧ ಆಗಿರಬೇಕು! ಲ್ಯಾಪ್‌ಟಾಪು, ಮೊಬೈಲು ಬಿಟ್ಟು ಬೇರೇನೂ ಇರಬಾರದು! ಅದರಲ್ಲೂ ನೀನು ಕೈಯಾರೆ ಆನ್ ಮಾಡಿ, ಬಳಸಿ, ಕಣ್ಣಾರೆ ನೋಡಿದ್ದು ಮಾತ್ರ ಇರಲಿ! ಮಿಕ್ಕಿದ್ದು ಒಂದಕ್ಷರ ಉಳೀಬಾರದು!”

“ಒಂದಕ್ಷರವೂ?”

“ಒಂದಕ್ಷರವೂ!”

“ಆಗ್ಲಮ್ಮ, ಹಾಗೇ ಮಾಡ್ತೀನಿ.”

ಹಬ್ಬದ ಬೆಳಿಗ್ಗೆ ಸುಗುಣಾಂಬ ಎಣ್ಣೆನೀರು ಹಾಕಿಕೊಂಡು, ದೇವರಿಗೆ ಕೈ ಮುಗಿದು, ಕಪ್ಪು ಕನ್ನಡಕ ತೆಗೆದು ಕಂಪ್ಯೂಟರ್ ಮುಂದೆ ಕೂತರು. ‘ಕೊಳ್ಳೋ ಮುಂಚೆ’ ತೆರೆದರು. ಬಿಳುಪು. ಕಣ್ಣುಜ್ಜಿಕೊಂಡರು. ಬಿಳುಪು. ಮೇಲೆ ಸರಿಸಿದರು, ಕೆಳಗೆ ಸರಿಸಿದರು. ಬರೀ ಬಿಳುಪು!

“ಅಯ್ಯೋ ಮೌಳೀ! ನನ್ನ ಕಣ್ಣು ಹೋಯ್ತಲ್ಲೋ! ಏನೂ ಕಾಣ್ತಿಲ್ಲವಲ್ಲೋ!”

ಮೌಳಿ ಓಡಿ ಬಂದ. “ಹೆದರಬೇಡಮ್ಮ, ಅಲ್ಲಿ ಇರೋದೇ ಅಷ್ಟು. ನಾನು ಶುದ್ಧ ಮಾಡಿದೀನಿ.”

“ಏನು ಮಾಡಿದ್ಯೋ?”

“ನೀನು ಹೇಳಿದ ಹಾಗೇ! ನಿನ್ನ ಹನ್ನೊಂದು ವರ್ಷದ ವಿಮರ್ಶೆ ಇತ್ತು. ಅದರಲ್ಲಿ ಒಂದನ್ನೂ ನಾನು ಬಳಸಿ ನೋಡಿಲ್ಲ. ಅಳಿಸಿದೆ. ಇನ್ನೊಂದು ಕಡೆ ಪ್ರತಿ ಇಟ್ಟಿದ್ಯಲ್ಲ, ಹುಡುಕಿ ಹುಡುಕಿ ಅದನ್ನೂ ಅಳಿಸಿದೆ. ನಾನು ಬರೆದಿದ್ದು ಮೂರು. ಒಂದರಲ್ಲಿ ಪೆಟ್ಟಿಗೆ ಮಾತ್ರ ಓದಿದ್ದೆ. ಒಂದನ್ನ ಬಿಚ್ಚಲೇ ಇಲ್ಲ. ಒಂದು ಆನ್ ಮಾಡೋಕೆ ಮುಂಚೆ ಮುಳುಗಿತ್ತು. ಸುಳ್ಳು ಯಾಕಮ್ಮ, ಅವೂ ಹೋದವು. ಚಕ್ಕುಲಿ ಹೋಯ್ತು. ಆಮೇಲೆ ಮೇಲುಗಡೆ ನಿನ್ನ ಹೆಸರಿತ್ತು. ನೀನು ಲ್ಯಾಪ್‌ಟಾಪೂ ಅಲ್ಲ, ಮೊಬೈಲೂ ಅಲ್ಲ.”

ಸುಗುಣಾಂಬ ಮತ್ತೆ ಕಣ್ಣುಜ್ಜಿಕೊಂಡರು. ಹೊಸ ಬುದ್ಧಿಮಾತು ಹೇಳುವ ಧೈರ್ಯವೇ ಬರಲಿಲ್ಲ.

“ನಿನ್ನ ಕಣ್ಣಿಗೇನೂ ಆಗಿಲ್ಲ ಅಂತೀನಿ! ಅನುಮಾನ ಇದ್ರೆ ಅಗೋ, ಗೋಡೆ ಮೇಲಿರೋ ಕ್ಯಾಲೆಂಡರ್ ಓದು ನೋಡೋಣ!”

ಅವರು ತಿರುಗಿ ನೋಡಿದರು. ಡಾಕ್ಟರ ಕೈಗುಣ ದೊಡ್ಡದು; ಮೂಲೆಯ ಸಣ್ಣಕ್ಷರ ಕೂಡ ಮುತ್ತಿನ ಹಾಗೆ ಕಂಡಿತು. ಮಕ್ಕಳು ಮಗ್ಗಿ ಒಪ್ಪಿಸುವ ದನಿಯಲ್ಲಿ ಸುಗುಣಾಂಬ ಗಟ್ಟಿಯಾಗಿ ಓದಿದರು: “ಎರಡು ಸಾವಿರದ ಇಪ್ಪತ್ತೈದು, ಅಕ್ಟೋಬರ್ ಇಪ್ಪತ್ತು, ಸೋಮವಾರ, ನರಕ ಚತುರ್ದಶಿ.”